ವಿದ್ಯಾಲಯಗಳ ಕಾಯಕಜೀವಿಗಳು ಮತ್ತು ವ್ಯಸನ

ವಿಶ್ವವಿದ್ಯಾಲಯ, ಮಹಾವಿದ್ಯಾಲಯಗಳಲ್ಲಿ ವ್ಯಸನದ ಮಾತು ಬಂದಾಗ ನಾವೆಲ್ಲ ವಿದ್ಯಾರ್ಥಿಗಳ ಕುರಿತೇ ಚಿಂತಿಸುತ್ತೇವೆ. ಅದು ಸಹಜ. ಆದರೆ ಅದೇ ಆವರಣದಲ್ಲಿ ಬಸ್ಸು ನಡೆಸುವವರು, ಪ್ರಯೋಗಾಲಯದ ಸಹಾಯಕರು, ವಸತಿನಿಲಯದ ಅಡುಗೆಯವರು, ರಾತ್ರಿ ಕಾವಲುಗಾರರು, ತೋಟಕ್ಕೆ ಔಷಧ ಹೊಡೆಯುವ ದಿನಗೂಲಿಯವರು, ಅಷ್ಟೇಕೆ, ಪಾಠ ಹೇಳುವ ಗುರುಗಳೂ ದುಡಿಯುತ್ತಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಪದವಿ ಮಹಾವಿದ್ಯಾಲಯಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಅರಭಾವಿಯಲ್ಲಿ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಮಹಾವಿದ್ಯಾಲಯವಿದೆ. ಇಂಥ ಸಂಸ್ಥೆಗಳಲ್ಲಿ ನಮ್ಮ ಭಕ್ತರ ಮನೆಯವರೂ ದುಡಿಯುತ್ತಿದ್ದಾರೆ. ಅವರ ಸಲುವಾಗಿ ಈ ತಿಂಗಳ ನಾಲ್ಕು ಮಾತು.

ವ್ಯಸನ ಬಿಡಿಸುವ ಕಾರ್ಯ ಮಠಗಳಿಗೆ ಹೊಸದಲ್ಲ. ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ಕಾಸಿಗೆ ಬದಲಾಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ದಿನ ಶ್ರಾವಣದ ಆಸುಪಾಸಿನಲ್ಲೇ ಬರುತ್ತದೆ; ನಮ್ಮ ಕಡೆ ಎಷ್ಟೋ ಜನ ಸೆರೆ ಬಿಡುವುದೂ ಶ್ರಾವಣದಲ್ಲಿಯೇ.

ಅಂಥದೊಂದು ಶ್ರಾವಣದಲ್ಲಿ, ಕಾಲೇಜೊಂದರ ವಾಹನ ಚಾಲಕರಾಗಿದ್ದ ಭಕ್ತರೊಬ್ಬರು ಗದ್ದುಗೆಯ ಮುಂದೆ ಆಣೆ ಮಾಡಿ ಒಮ್ಮೆಲೇ ಕುಡಿತ ಬಿಟ್ಟರು. ಮರುದಿನ ಕೈ ನಡುಗತೊಡಗಿತು. ಮೂರನೆಯ ರಾತ್ರಿ ಗೋಡೆಯ ಮೇಲೆ ಹಾವು ಹರಿದಾಡುತ್ತಿವೆ ಎಂದು ಚೀರಿದರು. ಗಾಳಿ ಸೋಕಿದೆ ಎಂದುಕೊಂಡ ಮನೆಯವರು ಅಂಗಾರ ಕೇಳಲು ನಮ್ಮಲ್ಲಿಗೆ ಬಂದರು. ಅಂಗಾರ ಕೊಟ್ಟು, ಅದೇ ಗಾಡಿಯಲ್ಲಿ ಆಸ್ಪತ್ರೆಗೆ ಕಳುಹಿಸಿದೆವು. ಆಣೆ ಮಾಡಿಸುವಾಗಲೇ ವೈದ್ಯರನ್ನು ಕಾಣಲು ಹೇಳಬೇಕಾಗಿತ್ತು; ಹೇಳದೆ ಹೋದದ್ದು ನಮ್ಮದೇ ಲೋಪ.

ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವರ ಮೆದುಳು ಮದ್ಯದ ಮಂಪರಿಗೆ ಎದುರಾಗಿ ಸದಾ ಎಚ್ಚರಗೊಂಡೇ ಕೆಲಸ ಮಾಡಲು ಕಲಿತಿರುತ್ತದೆ. ಮದ್ಯವನ್ನು ತಟ್ಟನೆ ತೆಗೆದರೆ ಆ ಎಚ್ಚರವೇ ಮಿತಿಮೀರುತ್ತದೆ. ಮೊದಲ ದಿನ ನಡುಕ, ಬೆವರು, ನಿದ್ದೆಗೇಡು. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಮೂರ್ಛೆ. ಎರಡು ಮೂರು ದಿನಗಳ ನಂತರ ಕೆಲವರಿಗೆ ಜ್ವರ, ಭ್ರಮೆ, ದಿಕ್ಕುಗೆಟ್ಟ ಮಾತು. ಈ ಕೊನೆಯ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ವೈದ್ಯರು ಕೆಲವು ದಿನ ಮೆದುಳನ್ನು ಶಾಂತಗೊಳಿಸುವ ಗುಳಿಗೆಯನ್ನೂ ಬಿ1 ಜೀವಸತ್ವವನ್ನೂ ಕೊಟ್ಟು ಈ ಹೊಳೆ ದಾಟಿಸುತ್ತಾರೆ. ದಿನವೂ ಕುಡಿಯುವವರು ಜೋಳಿಗೆಗೆ ಚಟ ಹಾಕುವ ಮೊದಲೇ ವೈದ್ಯರನ್ನು ಕಾಣಬೇಕೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ಇನ್ನು "ಕೆಲಸದ ಹೊತ್ತಿನಲ್ಲಿ ನಾನು ಕುಡಿಯುವುದಿಲ್ಲ" ಎನ್ನುವವರ ಮಾತು. ಒಂದು ಕ್ವಾರ್ಟರ್, ಅಂದರೆ 180 ಮಿಲಿ ಲೀಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಯಕೃತ್ತು ತಾಸಿಗೆ ಕರಗಿಸುವುದು ಸುಮಾರು 7ರಿಂದ 10 ಗ್ರಾಂ ಮಾತ್ರ. ರಾತ್ರಿ ಹನ್ನೊಂದಕ್ಕೆ ಮುಗಿಸಿದ ಕ್ವಾರ್ಟರ್ ಬೆಳಿಗ್ಗೆ ಆರಕ್ಕೆ ಬಸ್ಸು ಹತ್ತುವಾಗಲೂ ರಕ್ತದಲ್ಲಿ ಉಳಿದಿರಬಹುದು. ಸ್ನಾನ, ಚಹಾ, ಲಿಂಬೆರಸ ಯಾವುದೂ ಅದನ್ನು ಬೇಗ ಕರಗಿಸದು. ಕಾನೂನಿನ ಮಿತಿ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿ ಗ್ರಾಂ.

ತಂಬಾಕಿನ ಮಾತು ನಮ್ಮ ಸೀಮೆಯಲ್ಲಿ ಕಷ್ಟದ್ದು. ಹುಕ್ಕೇರಿಯ ನೆರೆಯ ನಿಪ್ಪಾಣಿ ತಂಬಾಕಿನಿಂದಲೇ ಹೆಸರಾದ ಊರು. ಬಾಯಿಯ ಕ್ಯಾನ್ಸರ್ ಸಂಗತಿ ಎಲ್ಲರೂ ಬಲ್ಲರು. ತೋಟದ ಕೆಲಸದಲ್ಲಿ ಇನ್ನೊಂದು ಕೇಡಿದೆ. ಕೀಟನಾಶಕ ಕಲಸಿದ ಕೈಯಲ್ಲೇ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ ಬಾಯಿಗಿಟ್ಟರೆ ವಿಷವೂ ಜೊತೆಗೇ ಒಳಗೆ ಹೋಗುತ್ತದೆ. ರಂಜಕಯುಕ್ತ ಔಷಧಗಳಾದರೆ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು, ಉಸಿರುಗಟ್ಟುವುದು ಆಗುತ್ತದೆ. ಇದನ್ನು ನೋಡಿದವರು "ತಂಬಾಕು ತಲೆಗೇರಿದೆ" ಎಂದು ನೆರಳಿನಲ್ಲಿ ಮಲಗಿಸುತ್ತಾರೆ, ಹೊತ್ತು ಮೀರುತ್ತದೆ. ಪ್ರಯೋಗಾಲಯದಲ್ಲಿ ಸ್ಪಿರಿಟ್ ಸೀಸೆಯ ಬಳಿ ಬೀಡಿ ಹಚ್ಚುವುದರ ಅಪಾಯವನ್ನು ವಿವರಿಸಬೇಕಾಗಿಲ್ಲ.

ಕಾನೂನು ಇದೆ. 2003ರ ಕೇಂದ್ರ ಕಾಯ್ದೆಯೇ ವಿದ್ಯಾಸಂಸ್ಥೆಗಳ ಬಳಿ ತಂಬಾಕು ಮಾರುವುದನ್ನು ನಿಷೇಧಿಸಿದೆ. ರಾಜ್ಯದಲ್ಲಿ 2025ರಲ್ಲಿ ಜಾರಿಯಾದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಫಲಕಗಳೂ ತೂಗಾಡುತ್ತಿವೆ. ಆದರೆ ನಮಗೆ ಹೆಚ್ಚು ಮುಖ್ಯವೆನಿಸುವುದು ಇನ್ನೊಂದು ಕಾಯ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಸಂಸ್ಥೆಗಳನ್ನು ನಡೆಸುವ ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಅವರಲ್ಲಿ ನಮ್ಮ ಬಿನ್ನಹವಿಷ್ಟೇ: ಕುಡಿದವರ ಕೈಗೆ ಸ್ಟೇರಿಂಗ್ ಕೊಡಬೇಡಿ, ಅದರಲ್ಲಿ ದಾಕ್ಷಿಣ್ಯ ಬೇಡ, ಆದರೆ "ನನಗೆ ಬಿಡಲಾಗುತ್ತಿಲ್ಲ" ಎಂದು ತಾನಾಗಿ ಬಂದು ಹೇಳಿದವನ ನೌಕರಿ ಕಳೆಯಬೇಡಿ. ಕೆಲಸ ಹೋಗುವ ಭಯವಿದ್ದರೆ ಅವನು ಮುಚ್ಚಿಡುತ್ತಾನೆ, ಮುಚ್ಚಿಟ್ಟುಕೊಂಡೇ ಬಸ್ಸು ಹತ್ತುತ್ತಾನೆ. ಮೇಲೆ ಹೇಳಿದ ಚಾಲಕರನ್ನು ಅವರ ಸಂಸ್ಥೆಯವರು ಕೆಲ ತಿಂಗಳು ಉಗ್ರಾಣದ ಕೆಲಸಕ್ಕೆ ಹಾಕಿ, ವೈದ್ಯರು ಒಪ್ಪಿದ ಮೇಲೆ ಮತ್ತೆ ಗಾಡಿ ಕೊಟ್ಟರು.

ನೆರವಿಗೆ 14416 ಸಂಖ್ಯೆಯ ಟೆಲಿ ಮಾನಸ್, ವ್ಯಸನಮುಕ್ತಿಗಾಗಿ 14446, ತಂಬಾಕು ಬಿಡಲು 1800-11-2356 ಇವೆ, ಯಾವುದಕ್ಕೂ ಹಣವಿಲ್ಲ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಮನೋವೈದ್ಯರು ಸಿಗುತ್ತಾರೆ. ಕರೆದುಕೊಂಡು ಹೋದಾಗ ಮೂರು ಸಂಗತಿಗಳನ್ನು ಮುಚ್ಚಿಡದೆ ಹೇಳಿರಿ: ದಿನಕ್ಕೆ ಎಷ್ಟು ಕುಡಿಯುತ್ತಿದ್ದರು, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಬಿಟ್ಟಾಗ ಮೂರ್ಛೆ ಬಂದಿತ್ತೇ.