‘ಸಂಭವಿಸಿತು’ ಎಂಬ ಮಾತು

ಉತ್ತರಪತ್ರಿಕೆಗಳನ್ನು ತಿದ್ದುವಾಗ ನನ್ನ ಕೆಂಪು ಶಾಯಿ ಹೆಚ್ಚಾಗಿ ವ್ಯಯವಾಗುವುದು ‘ಸಂಭವಿಸಿತು’ ಎಂಬ ಒಂದೇ ಪದದ ಮೇಲೆ. ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಯುದ್ಧ ‘ಸಂಭವಿಸಿತು’. ಮೇಲುಕೋಟೆಯಲ್ಲಿ ವೈರಮುಡಿ ಉತ್ಸವ ‘ಸಂಭವಿಸುತ್ತದೆ’! ಇಂಗ್ಲಿಷಿನ ‘ಹ್ಯಾಪನ್’, ‘ಅಕರ್’, ‘ಟೇಕ್ ಪ್ಲೇಸ್’ ಮೂರಕ್ಕೂ ನಮ್ಮ ಹುಡುಗರು ಕಂಡುಕೊಂಡಿರುವ ಅರ್ಥ ಅದೊಂದೇ.

ಈ ಹುಡುಗರ ಮನೆಮಾತನ್ನು ಕೇಳಬೇಕು. ಅಲ್ಲಿ ಯುದ್ಧ ನಡೆಯುತ್ತದೆ, ಕೋಟೆ ಬೀಳುತ್ತದೆ. ನಾಗಮಂಗಲದಲ್ಲಿ ಸೌಮ್ಯಕೇಶವನ ತೇರು ಹರಿಯುತ್ತದೆ. ಕೃಷ್ಣರಾಜಪೇಟೆಯ ಕಡೆ ಹೇಮಗಿರಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಮಳೆ ಹುಯ್ಯುತ್ತದೆ, ಗ್ರಹಣ ಹಿಡಿಯುತ್ತದೆ, ಮದುವೆ ಆಗುತ್ತದೆ, ಕಷ್ಟ ಒದಗುತ್ತದೆ. ವರದಿಗಾರರಿಗೆ ಪ್ರಿಯವಾದ ‘ಜರುಗು’ ಎಂಬುದಕ್ಕೂ ಸರಿಯುವುದೆಂಬ ಅರ್ಥವುಂಟು. ಬಸ್ಸಿನಲ್ಲಿ ‘ಕೊಂಚ ಜರುಗಿ’ ಎನ್ನುವವರು ಅದನ್ನು ಬಲ್ಲರು.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಮರುವರ್ಷ ಆ ಸೀಮೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದಲ್ಲಿ ‘ದುರಂತ ಸಂಭವಿಸಿತು’ ಎಂದು ಬರೆದಿದ್ದಳು.

“ಮನೆಯಲ್ಲಿ ಏನೆನ್ನುತ್ತಾರಮ್ಮ?” ಎಂದೆ.

“ಆಗಬಾರದ್ದು ಆಗೋಯ್ತು ಅಂತಾರೆ, ಸಾರ್.”

ಆ ‘ಆಗಬಾರದ್ದು’ ಎಂಬುದರಲ್ಲಿ ಒಂದು ದೂರಿದೆ. ಆಗದಂತೆ ನೋಡಿಕೊಳ್ಳಬೇಕಾದವರು ಇದ್ದರೆಂಬ ದೂರು. ‘ಸಂಭವಿಸಿತು’ ಎಂದೊಡನೆ ಅದು ಅಡಗಿಹೋಗುತ್ತದೆ. ನಾಲೆಯೂ ಇಲ್ಲ, ದಾರಿಯೂ ಇಲ್ಲ, ಕೇಳುವವರೂ ಇಲ್ಲ. ವ್ಯಾಕರಣದಲ್ಲಿ ಮಾತ್ರ ದೋಷವಿಲ್ಲ.

ಆ ವಾಕ್ಯವನ್ನು ನಾನು ತಿದ್ದಲಿಲ್ಲ. ಅವಳೇ ಹಾಳೆಯನ್ನು ತೆಗೆದುಕೊಂಡು, ಅದನ್ನು ಹೊಡೆದುಹಾಕಿ, ಮೇಲೆ ಸಣ್ಣಕ್ಷರದಲ್ಲಿ ಬರೆದಳು: ‘ಬಸ್ಸು ನಾಲೆಗೆ ಬಿತ್ತು. ನಮ್ಮ ಊರ ಕಡೆಯವರು ಸತ್ತರು.’