ಕೊಯ್ತಾದ ಬಾಯಿ ತೆಗೆಯುವುದು

ಕಬ್ಬಿನ ಹಂಗಾಮು ಹತ್ತಿರ ಬಂತೆಂದರೆ ಚಿಕ್ಕೋಡಿ, ರಾಯಬಾಗ, ಕಾಗವಾಡದ ಅಂಗಡಿಗಳಲ್ಲಿ ಕೊಯ್ತಾ, ಅಂದರೆ ಕಬ್ಬು ಕಡಿಯುವ ಕತ್ತಿ, ಕೊಳ್ಳುವವರ ಗದ್ದಲ. ಕಾರ್ಖಾನೆಯಿಂದ ಬಂದ ಕೊಯ್ತಾ ನೋಡಲು ಲಕಲಕ ಹೊಳೆಯುತ್ತದೆ. ಆದರೆ ಕೆಲಸ ಬಲ್ಲವರು ಅದನ್ನು ಹಾಗೇ ಹೊಲಕ್ಕೆ ಒಯ್ಯುವುದಿಲ್ಲ. ಮನೆಗೆ ತಂದು, ಅಂಚು ಮಸೆದು ಬಾಯಿ ತೆಗೆದು, ಹಿಡಿ ತಿದ್ದಿ ತಮ್ಮ ಕೈಗೆ ಹೊಂದಿಸಿಕೊಳ್ಳುತ್ತಾರೆ. ನನ್ನ ಮಟ್ಟಿಗೆ ಕೊಯ್ತಾ ತಯಾರಾಗುವುದೇ ಆಗ.

ಕೊಯ್ತಾ ಎಂದರೆ ಒಂದು ಬೆಣೆ. ಬೆಣೆ ತೆಳುವಾದಷ್ಟೂ ಸಲೀಸಾಗಿ ಇಳಿಯುತ್ತದೆ, ಅಷ್ಟೇ ಬೇಗ ಮುಕ್ಕಾಗುತ್ತದೆ. ಅಥಣಿ, ನಿಪ್ಪಾಣಿಯ ಕಡೆ ಕೊಲ್ಹಾಪುರಿ ಚಪ್ಪಲಿ ಮಾಡುವವರು ಚರ್ಮ ಕೊಯ್ಯುವ ರಂಪಿಗೆಯನ್ನು ನೋಡಿ: ಮೆತ್ತಗಿನ ಚರ್ಮ, ಕೆಳಗೆ ಮರದ ದಿಮ್ಮಿ. ಅದರ ಬಾಯಿ ಎಷ್ಟು ತೆಳುವಾದರೂ ನಡೆದೀತು. ಕೊಯ್ತಾಕ್ಕೆ ಆ ಸುಖವಿಲ್ಲ. ಕಬ್ಬಿನ ಸಿಪ್ಪೆಯಲ್ಲೇ ಸಿಲಿಕಾದ ಕಣಗಳಿವೆ. ಅವು ಉಕ್ಕನ್ನು ದಿನವಿಡೀ ಸವೆಸುತ್ತವೆ. ಮೇಲಾಗಿ ಕಬ್ಬನ್ನು ನೆಲಕ್ಕೆ ಹತ್ತಿಯೇ ಕಡಿಯಬೇಕು. ಸಕ್ಕರೆ ಹೆಚ್ಚಿರುವುದು ಬುಡದ ಗಣಿಕೆಗಳಲ್ಲಿ; ಬುಡ ಸೀಳದೆ ತುಂಡಾದರೆ ಮುಂದಿನ ಕುಳೆ ಬೆಳೆಯೂ ಮಣ್ಣೊಳಗಿನ ಕಣ್ಣುಗಳಿಂದ ಚೆನ್ನಾಗಿ ಒಡೆಯುತ್ತದೆ. ಹೀಗಾಗಿ ಏಟಿಗೊಮ್ಮೆ ಮಣ್ಣು, ಹರಳು ತಾಗುವುದು ತಪ್ಪದು. ಎರಡೂ ಬದಿ ಸೇರಿ 30ರಿಂದ 35 ಡಿಗ್ರಿ ಇಟ್ಟರೆ ಬಾಯಿ ಇಳಿಯುತ್ತದೆ, ತಾಳುತ್ತದೆ ಕೂಡ.

ಸಾಣೆ ಹಿಡಿಯುವಾಗಲೇ ಅಪಾಯ. ವಿದ್ಯುತ್ ಸಾಣೆಗೆ ಅಲಗು ಕೊಟ್ಟು ಅಂಚನ್ನೇ ದಿಟ್ಟಿಸಿ. ಮೊದಲು ಹುಲ್ಲಿನ ಹಳದಿ ಮೂಡುತ್ತದೆ: ಸುಮಾರು 220 ಡಿಗ್ರಿ ಸೆಲ್ಸಿಯಸ್. ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ: 300ರ ಆಸುಪಾಸು. ಉಕ್ಕಿನ ಮೈಮೇಲೆ ಕಟ್ಟುವ ಆಕ್ಸೈಡಿನ ತೆಳು ಪೊರೆ ದಪ್ಪವಾದಂತೆ ಬಣ್ಣ ಬದಲಾಗುತ್ತದೆ, ನೀರ ಮೇಲೆ ಎಣ್ಣೆ ಹರಡಿದಾಗ ಕಾಣುವ ಬಣ್ಣಗಳ ಹಾಗೆ. ಈ ಬಣ್ಣ ನೋಡಿಯೇ ಕಮ್ಮಾರರು ಉಕ್ಕಿನ ಹದ ಅಳೆಯುತ್ತಾರೆ. ಕೆಂಪಗೆ ಕಾಯಿಸಿ ಥಟ್ಟನೆ ತಣಿಸಿದಾಗ ಇಂಗಾಲದ ಪರಮಾಣುಗಳು ಕಬ್ಬಿಣದ ಜಾಲರಿಯಲ್ಲಿ ಸಿಕ್ಕಿಬಿದ್ದು ಉಕ್ಕು ಗಡಸಾಗುತ್ತದೆ. ಮತ್ತೆ ಕಾವು ಏರಿದರೆ ಅವು ಕಳಚಿಕೊಳ್ಳುತ್ತವೆ, ಗಡಸುತನ ಇಳಿಯುತ್ತದೆ. ನಾನು ತಿದ್ದಿದ ಮೊದಲ ಕೊಯ್ತಾದ ತುದಿಯಲ್ಲಿ ಎರಡು ಬೆರಳಗಲ ನೀಲಿ ಮೂಡಿತ್ತು. ಎಷ್ಟು ಮಸೆದರೂ ಅಲ್ಲಿ ಮಾತ್ರ ಬಾಯಿ ಮಡಚುತ್ತಿತ್ತು. ಅಂದಿನಿಂದ ಪಕ್ಕದಲ್ಲಿ ಬಕೆಟ್ ನೀರು ಇಟ್ಟುಕೊಂಡು, ಮೂರು ಎಣಿಸುವಷ್ಟರಲ್ಲಿ ಅದ್ದಿಬಿಡುತ್ತೇನೆ. ಕೈಯಿಂದ ಅರ ಹಾಕುವವರಿಗೆ ಈ ಭಯವೇ ಇಲ್ಲ. ತಾಳ್ಮೆಯಿದ್ದರೆ ಅದೇ ಮೇಲು. ಅರದಿಂದ ಇನ್ನೊಂದು ಉಪಕಾರವಿದೆ: ಅದು ಜಾರಿದರೆ ಉಕ್ಕು ಗಡಸು, ಬೆಣ್ಣೆಯಂತೆ ಕಚ್ಚಿದರೆ ಮೆದು.

ಹಿಡಿ ಕೂಡಿಸುವಾಗಲೂ ಅದೇ ಎಚ್ಚರ. ಅಲಗಿನ ಹಿಂತುದಿಯ ಕಾಯಿಸಿದ ಬಾಲವನ್ನು ಜಾಲಿಯ ಹಿಡಿಯೊಳಗೆ ಸುಟ್ಟು ಇಳಿಸುವ ಮುಂಚೆ ಅಲಗಿಗೆ ಒದ್ದೆ ಬಟ್ಟೆ ಸುತ್ತಿರಬೇಕು, ಇಲ್ಲದಿದ್ದರೆ ಕಾವು ಬಾಯಿಯ ತನಕ ಹರಿಯುತ್ತದೆ. ಹಿಡಿಯ ಕೊನೆ ತುಸು ದಪ್ಪವಿರಲಿ. ಆಗ ಬೆವರಿದ ಕೈಯಿಂದ ಕೊಯ್ತಾ ಹಾರದು. ಕಬ್ಬು ಕಡಿಯುವ ಹೆಣ್ಣುಮಕ್ಕಳ ಅಂಗೈಗೆ ಅಂಗಡಿಯ ಹಿಡಿ ಬಹಳ ಸಲ ದೊಡ್ಡದು. ಬಿಗಿ ಸಿಗದೆ ಮುಂಗೈ ಸೋಲುತ್ತದೆ, ಕೆತ್ತಿ ಸಣ್ಣ ಮಾಡಲೇಬೇಕು. ಮೇಲೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದರೆ ಏಟಿನ ಅದುರು ಮಣಿಕಟ್ಟಿಗೆ ಅಷ್ಟಾಗಿ ತಟ್ಟದು.

ಕೊನೆಗೆ ಒಂದು ಕಬ್ಬು ಕಡಿದು ನೋಡಿ. ಕಡಿದ ಜಾಗದಲ್ಲಿ ಎಳೆ ಎದ್ದಿರಬಾರದು. ನುಣ್ಣಗಿನ ಬಿಲ್ಲೆಯ ಮೇಲೆ ಹಾಲು ಹನಿಹನಿಯಾಗಿ ಒಸರುತ್ತಿರಬೇಕು.