ಮಧುಮೇಹವಿರುವ ನಾಯಿಗೆ ಎಂತಹ ಆಹಾರ?

ಶನಿವಾರಸಂತೆ: ಕಾಫಿ ತೋಟದ ಮನೆಗಳ ಕಾವಲು ನಾಯಿಗೆ ಮನೆಮಂದಿ ಉಂಡು ಉಳಿದದ್ದನ್ನು ಹಾಕುವುದು ವಾಡಿಕೆ. ಆದರೆ ನಾಯಿಗೆ ಮಧುಮೇಹ ತಗುಲಿದರೆ ಈ ವಾಡಿಕೆ ಬಿಡಬೇಕು.

ನಾಯಿಗಳ ಮಧುಮೇಹದಲ್ಲಿ ಸಾಮಾನ್ಯವಾಗಿ ಮೇದೋಜೀರಕ ಗ್ರಂಥಿ ಸಾಕಷ್ಟು ಇನ್ಸುಲಿನ್ ಉತ್ಪಾದಿಸದು. ಆದ್ದರಿಂದ ಪಥ್ಯವೊಂದೇ ಸಾಲದು, ಚುಚ್ಚುಮದ್ದು ಅನಿವಾರ್ಯ.

ಆಹಾರದ ಬಗೆಗಿಂತಲೂ ಕ್ರಮ ಮುಖ್ಯ. ದಿನಕ್ಕೆ 2 ಬಾರಿ, 12 ಗಂಟೆಗಳ ಅಂತರದಲ್ಲಿ, ಒಂದೇ ಬಗೆಯ ಆಹಾರವನ್ನು ಒಂದೇ ಪ್ರಮಾಣದಲ್ಲಿ ನೀಡಬೇಕು. ನಾರಿನಂಶವಿದ್ದರೆ ರಕ್ತದ ಸಕ್ಕರೆ ನಿಧಾನವಾಗಿ ಏರುತ್ತದೆ. ಬೆಲ್ಲ, ಸಿಹಿ ಬಿಸ್ಕತ್ತು ಸಲ್ಲದು. ಕೊಡಗಿನ ಅಡುಗೆಯಲ್ಲಿ ಸಾಮಾನ್ಯವಾದ ಹಂದಿಮಾಂಸದ ಕೊಬ್ಬು ಮೇದೋಜೀರಕದ ಉರಿಯೂತಕ್ಕೆ ಕಾರಣವಾಗಬಹುದು.

ಊಟ ಬಿಟ್ಟ ನಾಯಿಗೆ ಎಂದಿನಷ್ಟೇ ಇನ್ಸುಲಿನ್ ಕೊಟ್ಟರೆ ಸಕ್ಕರೆ ಮಟ್ಟ ಕುಸಿದು ಪ್ರಾಣಾಪಾಯ ಒದಗಬಹುದು. ಮೊದಲು ಊಟ, ಅನಂತರ ಚುಚ್ಚುಮದ್ದು. ನಾಯಿ ಉಣ್ಣದಿದ್ದಲ್ಲಿ ಪಶುವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.